ಕೆಳಗಿನ ಮನೆಯವರ ವಿಷಯ

ಪ್ರೀತಿಯ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಕೆಳಗಿನ ಮನೆಯ ಅಜ್ಜ ಅಜ್ಜಿಗೆ ಖಾಲಿ ಮಾಡಲು ನೋಟಿಸ್ ಕೊಡಬೇಕು, ಎರಡು ತಿಂಗಳು ಗಡುವು ಸಾಕಲ್ವಾ, ಒಕ್ಕಣೆ ಬರೆದುಕೊಡಿ ದೊಡ್ಡಪ್ಪ ಅಂತ ಕೇಳಿದ್ದೀಯ. ಒಕ್ಕಣೆ ನನಗೆ ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಇದನ್ನು ಓದು.

ಮನೆ ನಿನ್ನದು. ಅದರಲ್ಲಿ ಎರಡು ಮಾತಿಲ್ಲ. ಬಾಡಿಗೆಗಿದ್ದವರಿಗೆ ವಯಸ್ಸಾಯಿತು ಅಂದ ಮಾತ್ರಕ್ಕೆ ಮನೆ ಅವರದಾಗುವುದಿಲ್ಲ. ವಕೀಲಿ ಮಾಡುವಾಗ ನಾನು ಜಾಸ್ತಿ ನಿಂತಿದ್ದೂ ಮಾಲೀಕರ ಪರವಾಗಿಯೇ.

ಅಂಥದ್ದೊಂದು ಕೇಸು. ಬಾಡಿಗೆಗಿದ್ದವರು ಒಬ್ಬರೇ ಮುದುಕರು. ನಾವು ಗೆದ್ದೆವು. ಬೀಗದ ಕೈ ತೆಗೆದುಕೊಳ್ಳಲು ಹೋದಾಗ ಮನೆ ಬರಿದಾಗಿತ್ತು. ಮಲಗುವ ಕೋಣೆಯಿಂದ ಬಚ್ಚಲಿನವರೆಗೂ ಗೋಡೆ ಮೇಲೆ, ಸೊಂಟದೆತ್ತರಕ್ಕೆ, ಒಂದು ಕಪ್ಪು ಪಟ್ಟೆ. 'ನೋಡಿ ಸಾರ್, ಗೋಡೆನ ಎಷ್ಟು ಗಲೀಜು ಮಾಡಿದ್ದಾರೆ' ಅಂದ ನನ್ನ ಕಕ್ಷಿದಾರ. ನನಗೂ ಹಾಗೇ ಕಂಡಿತ್ತು.

ತಿಂಗಳಾದ ಮೇಲೆ, ಬಾಕಿ ಠೇವಣಿ ಕೊಟ್ಟು ಸಹಿ ಹಾಕಿಸಿಕೊಳ್ಳಲು ಅವರ ಹೊಸ ಮನೆಗೆ ಹೋದೆ. ಕತ್ತಲಾಗುತ್ತಿತ್ತು. ದೀಪ ಹಾಕುತ್ತೇನೆ ಅಂತ ಅವರು ಎದ್ದರು. ಬಾಗಿಲ ಎಡಗಡೆ ಗೋಡೆ ತಡವಿದರು. ಸ್ವಿಚ್ ಇದ್ದದ್ದು ಬಲಗಡೆ. 'ಇಲ್ಲೇ ಇತ್ತಲ್ಲಾ' ಅನ್ನುತ್ತಾ ಮತ್ತೆ ಎಡಗಡೆಯೇ ತಡವಿದರು. ಆ ಕಪ್ಪು ಪಟ್ಟೆ ಏನು ಅಂತ ನನಗೆ ಆಗ ಹೊಳೆಯಿತು. ಕಣ್ಣು ಮಂಜಾದವರು ರಾತ್ರಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದ ದಾರಿ ಅದು. ಆ ಮನೆ ಅವರ ಕೈಗೆ ಗೊತ್ತಿತ್ತು. ಹೊಸ ಮನೆಯನ್ನು ಕಣ್ಣಿನಿಂದ ಕಲಿಯಬೇಕು, ಕಣ್ಣೇ ಇಲ್ಲ.

ಕೇಸಿನಲ್ಲಿ ನಾನು ಬರೆದಿದ್ದು ಇಷ್ಟು: 'ಪ್ರತಿವಾದಿಗೆ ಬೇರೆ ಮನೆ ಸಿಗಲು ಯಾವ ತೊಂದರೆಯೂ ಇರುವುದಿಲ್ಲ.' ಸುಮ್ನೆ ಬರೆದಿದ್ದೆ. ಎಲ್ಲ ಕೇಸಿಗೂ ಬರೆಯುತ್ತಿದ್ದ ಸಾಲು ಅದು.

ಸಿಗುವುದು ಅಷ್ಟು ಸುಲಭವೂ ಅಲ್ಲ. ಮನೆ ತೋರಿಸುತ್ತಾರೆ, ಮುಖ ನೋಡುತ್ತಾರೆ, ನಾಳೆ ಹೇಳುತ್ತೇವೆ ಅನ್ನುತ್ತಾರೆ. ಹೆಚ್ಚುಕಡಿಮೆಯಾದರೆ ಯಾರು ನೋಡುವವರು ಅನ್ನುವ ಭಯ. ನಾಳೆ ನಿನ್ನ ಕೆಳಗಿನ ಮನೆ ಖಾಲಿಯಾದಾಗ ಎಂಬತ್ತರ ದಂಪತಿ ಬಂದು ಕೇಳಿದರೆ ನೀನು ಕೊಡುತ್ತೀಯಾ? ನಿಜ ಹೇಳು. ನೀನೇ ಕೊಡದ ಮೇಲೆ, ಎರಡು ತಿಂಗಳಲ್ಲಿ ಇನ್ಯಾರೋ ಕೊಡುತ್ತಾರೆ ಅಂತ ಹೇಗೆ ಅಂದುಕೊಂಡೆ?

ಫ್ರಾನ್ಸಿನಲ್ಲಿ 1989ರ ಒಂದು ಬಾಡಿಗೆ ಕಾನೂನಿದೆ. 65 ದಾಟಿದ, ಆದಾಯ ಕಡಿಮೆ ಇರುವ ಬಾಡಿಗೆದಾರರನ್ನು ಬಿಡಿಸಬೇಕಾದರೆ, ಅವರ ಕೈಗೆಟಕುವ ಇನ್ನೊಂದು ಮನೆಯನ್ನು ಹತ್ತಿರದಲ್ಲೇ ಮಾಲೀಕನೇ ತೋರಿಸಬೇಕು. ಮಾಲೀಕನಿಗೂ 65 ದಾಟಿದ್ದರೆ, ಇಲ್ಲವೇ ಅವನ ಆದಾಯವೂ ಕಡಿಮೆ ಇದ್ದರೆ, ಈ ಹೊರೆ ಇಲ್ಲ. ನನಗೆ ಹಿಡಿಸಿದ್ದು ಈ ಎರಡನೇ ಭಾಗ. ಮಾಲೀಕ ಅಂದ ತಕ್ಷಣ ಸಿರಿವಂತ ಅಂತ ಅದು ಅಂದುಕೊಂಡಿಲ್ಲ. ಜರ್ಮನಿಯಲ್ಲಿ ನೋಟಿಸ್ ಬಂದ ಮೇಲೂ 'ಇದು ನನಗೆ ತೀರಾ ಕಷ್ಟ' ಅಂತ ಬಾಡಿಗೆದಾರ ತಕರಾರು ಹಾಕಬಹುದು. ಆದರೆ ಬರೀ ವಯಸ್ಸು ತೋರಿಸಿದರೆ ಸಾಲದು, ಆ ಮನುಷ್ಯನಿಗೆ ಏನಾಗುತ್ತದೆ ಅಂತ ನೋಡಬೇಕು ಅಂತ ಅಲ್ಲಿನ ದೊಡ್ಡ ಕೋರ್ಟು 2021ರಲ್ಲಿ ಹೇಳಿತು. ಒಪ್ಪುವ ಮಾತೇ. ನನಗೂ ವಯಸ್ಸಾಗಿದೆ, ಮೂರು ಮಹಡಿ ಹತ್ತುತ್ತೇನೆ. (ನಿನ್ನ ದೊಡ್ಡಮ್ಮ ಬೈಯುತ್ತಾಳೆ, ಅದು ಬೇರೆ.)

ಇನ್ನು ನಿನ್ನ ಕಾರಣ. ಮೊದಲು 'ಸ್ವಂತಕ್ಕೆ ಬೇಕು' ಅಂತ ಬರೆದಿದ್ದೀಯ. ಎರಡು ಸಾಲು ಕೆಳಗೆ, ಹೊಸಬರು ಜಾಸ್ತಿ ಬಾಡಿಗೆ ಕೊಡುತ್ತಾರೆ ಅಂತಲೂ ಇದೆ. ಯಾವುದು ಮಗಾ? ಬಾಡಿಗೆಯ ವಿಷಯವಾದರೆ ಮೊದಲು ಅವರನ್ನೇ ಕೇಳು. ನಿಮ್ಮಪ್ಪ ಇಷ್ಟು ವರ್ಷ ಬಾಡಿಗೆ ಏರಿಸದೇ ಇದ್ದದ್ದು ಅವನ ಸಂಕೋಚ. ಅದರ ನಷ್ಟವನ್ನು ನೀನೊಬ್ಬನೇ ಹೊರಬೇಕಿಲ್ಲ. ಹಾಗಂತ ಎಲ್ಲವನ್ನೂ ಒಂದೇ ಏಟಿಗೆ ಅವರ ತಲೆ ಮೇಲೆ ಹಾಕಬೇಡ. ಸ್ವಲ್ಪ ಸ್ವಲ್ಪವಾಗಿ ಏರಿಸು.

ನಿಜಕ್ಕೂ ಸ್ವಂತಕ್ಕೇ ಬೇಕಾದರೆ, ಅಂಚೆಯಲ್ಲಿ ಕಳಿಸಬೇಡ. ನೀನೇ ಕೆಳಗೆ ಹೋಗಿ ಬಾಯಿಬಿಟ್ಟು ಹೇಳು. ಒಂದು ವರ್ಷ ಕೊಡು. ಮನೆ ಹುಡುಕಲು ಜೊತೆಗೆ ಓಡಾಡು. ನೆಲಮಹಡಿಯೇ ಆಗಬೇಕು, ಅವರ ಡಾಕ್ಟರು ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹೊಸ ಮಾಲೀಕ ಹಿಂದೆಮುಂದೆ ನೋಡಿದರೆ, 'ಏನಾದರೂ ಆದರೆ ನನಗೆ ಫೋನ್ ಮಾಡಿ' ಅಂತ ನಿನ್ನ ನಂಬರು ಕೊಡು. ಅರ್ಧ ಬಾಗಿಲು ಅಲ್ಲೇ ತೆರೆಯುತ್ತದೆ. ಸಾಮಾನು ಸಾಗಿಸುವ ಮುಂಚೆ ಎರಡು ಮೂರು ಸಲ ಅವರನ್ನು ಕರೆದುಕೊಂಡು ಹೋಗಿ ಸ್ವಿಚ್ಚು, ಚಿಲಕ, ಹೊಸ್ತಿಲು ಎಲ್ಲ ಮುಟ್ಟಿಸು.

ಹೋಗುವುದಾದರೆ ಸಂಜೆ ಹೊತ್ತಿಗೆ ಹೋಗು. ದೀಪ ಹಾಕುವವರೆಗೂ ಕೂತಿದ್ದು ಆಮೇಲೆ ನನಗೆ ಫೋನ್ ಮಾಡು. ಅಷ್ಟಾದ ಮೇಲೂ ನೋಟಿಸ್ ಬೇಕು ಅಂದರೆ ಬರೆದುಕೊಡುತ್ತೇನೆ. ಆ ಹಳೇ ಸಾಲು ಮಾತ್ರ ಹಾಕುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ