ಗಂಟೆ ಹೊಡೆದ ಮೇಲಿನ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು 11 ವರ್ಷದಿಂದ ಒಂದೇ ಶಾಲೆಯಲ್ಲಿ ಅಥ್ಲೆಟಿಕ್ಸ್ ನೋಡಿಕೊಳ್ಳುತ್ತಿದ್ದೇನೆ. ಆದೇಶದ ಪ್ರಕಾರ ನಾನು ಅರೆಕಾಲಿಕ ಉಸ್ತುವಾರಿ. ಮಕ್ಕಳಿಗೆ ಪಿಟಿ ಮಿಸ್. ಇಷ್ಟು ವರ್ಷದಲ್ಲಿ ಇಲಾಖೆಗೆ ಎಷ್ಟು ಅರ್ಜಿ ಬರೆದೆನೋ ಲೆಕ್ಕ ಇಟ್ಟಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ. ಹೋದ ತಿಂಗಳು ಮೊದಲ ಸಲ ನನ್ನ ಹೆಸರಿಗೆ ಇಲಾಖೆಯಿಂದ ಒಂದು ಕಾಗದ ಬಂತು. ತೆರೆದು ನೋಡಿದರೆ ನೋಟಿಸು. ಇನ್ನು ಅರ್ಜಿ ಬರೆದು ಫೈಲಿಗೆ ಸೇರಿಸುವುದರಲ್ಲಿ ಅರ್ಥ ಇಲ್ಲ ಅನಿಸಿತು. ಅದಕ್ಕೇ ನಾಲ್ಕು ಜನಕ್ಕೆ ಕಾಣುವ ಹಾಗೆ ನಿಮಗೆ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ಶಾಲೆ ಬಿಟ್ಟ ಗಂಟೆ ಹೊಡೆದ ಮೇಲೆ ನಾವು ಮೈದಾನದಲ್ಲಿ ಕಳೆಯುವ ಹೊತ್ತನ್ನು ಕೆಲಸದ ಹೊತ್ತು ಅಂತ ಆದೇಶದಲ್ಲಿ ಬರೆಯಿರಿ.

ನಿಯಮ ನಿಮಗೆ ಗೊತ್ತೇ ಇದೆ, ನಾನು ಹೇಳಬೇಕಾಗಿಲ್ಲ. ದಿನಕ್ಕೆ 2 ಗಂಟೆ, ವಾರಕ್ಕೆ 5 ದಿನ. ನನ್ನ ಹೊತ್ತು ಮಧ್ಯಾಹ್ನ 1.30ರಿಂದ 3.30. ಶಾಲೆ ಬಿಡುವುದೂ 3.30ಕ್ಕೇ. ಅಂದರೆ ಮಕ್ಕಳು ಮೈದಾನಕ್ಕೆ ಓಡಿ ಬರುವ ಹೊತ್ತಿಗೆ ಸರಿಯಾಗಿ ನನ್ನ ಕೆಲಸ ಮುಗಿದಿರುತ್ತದೆ. ನನ್ನ ರಿಲೇ ತಂಡದ ನಾಲ್ವರು ಹುಡುಗಿಯರೂ ಬೇರೆ ಬೇರೆ ತರಗತಿಯವರು. ಒಬ್ಬಳಿಗೆ ಗಣಿತ ಇರುವಾಗ ಇನ್ನೊಬ್ಬಳಿಗೆ ಆಟದ ಪೀರಿಯಡ್. ನಾಲ್ವರೂ ಒಟ್ಟಿಗೆ ಸಿಗುವುದು ಗಂಟೆ ಹೊಡೆದ ಮೇಲೆ ಮಾತ್ರ. 4x100ರಲ್ಲಿ ಬ್ಯಾಟನ್ ಕೊಡಲು ಇರುವ ಜಾಗ 30 ಮೀಟರ್. ಅಷ್ಟರೊಳಗೆ ಹಿಂದೆ ತಿರುಗಿ ನೋಡದೆ, ಓಟದ ವೇಗ ಕಡಿಮೆ ಮಾಡದೆ ಕೈ ಬದಲಾಗಬೇಕು. ಇದನ್ನು ಬೋರ್ಡಿನ ಮೇಲೆ ಬರೆದು ಕಲಿಸುವುದಕ್ಕೆ ಆಗುವುದಿಲ್ಲ. ಇಬ್ಬರೂ ಎದುರಿಗೆ ಇರಬೇಕು, ನೂರು ಸಲ ಮಾಡಬೇಕು. 3.30ಕ್ಕೆ ನಾನು ಬ್ಯಾಗ್ ಹಾಕಿಕೊಂಡು ಹೊರಟರೆ ಇದನ್ನು ಮಾಡಿಸುವವರು ಯಾರು?

ಇನ್ನು ಟ್ರ್ಯಾಕ್ ಹಾಕುವ ಕೆಲಸ. ಟಿವಿಯಲ್ಲಿ ಗೆರೆಗಳು ಮೊದಲೇ ಇರುತ್ತವೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮದು 200 ಮೀಟರಿನ ಮಣ್ಣಿನ ಟ್ರ್ಯಾಕ್. ಒಳಗಡೆ ಕಟ್ಟೆ ಇಲ್ಲ, ಬರೀ ಸುಣ್ಣದ ಗೆರೆ. ಲೇನ್ 1.22 ಮೀಟರ್ ಅಗಲ ಇದ್ದರೆ, ಒಂದು ಪೂರ್ತಿ ಸುತ್ತಿನ ಓಟಕ್ಕೆ ಪ್ರತಿ ಲೇನಿನವರನ್ನು ಅವರ ಒಳಗಿನ ಲೇನಿನವರಿಗಿಂತ 7.67 ಮೀಟರ್ ಮುಂದೆ ನಿಲ್ಲಿಸಬೇಕು. ಟೇಪು, ಮೊಳೆ, ದಾರ ಹಿಡಿದುಕೊಂಡು ನಾನೂ ಇಬ್ಬರು ಮಕ್ಕಳೂ ಬಗ್ಗಿ ಬಗ್ಗಿ ಅಳೆಯುತ್ತೇವೆ. ಮೂರು ಗಂಟೆ ಬೇಕು. ಒಂದು ಜೋರು ಮಳೆ ಬಂದರೆ ಎಲ್ಲ ಅಳಿಸಿ ಹೋಗುತ್ತದೆ. ಮತ್ತೆ ಹಾಕಬೇಕು. ಲಾಂಗ್ ಜಂಪ್ ಗುಂಡಿಯ ಮರಳು ಗಟ್ಟಿಯಾಗಿದ್ದರೆ ಮಗುವಿನ ಹಿಮ್ಮಡಿ, ಬೆನ್ನು ಹೋಗುತ್ತದೆ. ಹಾಗಾಗಿ ಅಭ್ಯಾಸಕ್ಕೆ ಮೊದಲು ಅಗೆದು, ನೀರು ಹಾಕಿ, ಸಮ ಮಾಡಬೇಕು. ಇದೆಲ್ಲ ನಿಮ್ಮ 2 ಗಂಟೆಯಲ್ಲಿ ಎಲ್ಲಿ ಬರುತ್ತದೆ ಹೇಳಿ.

ಹೈಜಂಪ್ ವಿಷಯ ಕೇಳಲೇಬೇಡಿ. ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ ಹಾರಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದದ್ದು 1968ರಲ್ಲಿ. ಹಾಗೆ ಹಾರಬೇಕಾದರೆ ಬೀಳುವ ಕಡೆ ದಪ್ಪ ಫೋಮ್ ಹಾಸಿಗೆ ಇರಬೇಕು, ಇಲ್ಲದಿದ್ದರೆ ಕುತ್ತಿಗೆಗೇ ಅಪಾಯ. ಮ್ಯಾಟ್ ಕೊಡಿ ಅಂತ ಕೇಳಿದಾಗಲೆಲ್ಲ, ಅರೆಕಾಲಿಕದವರ ಹೆಸರಿಗೆ ಸಾಮಾನು ಕೊಡಲು ಬರುವುದಿಲ್ಲ ಅಂದರು. ಹಾಗಾಗಿ ನಮ್ಮ ಮಕ್ಕಳು ಇವತ್ತಿಗೂ ಮರಳಿನ ಮೇಲೆ ಕತ್ತರಿ ಕಾಲು ಹಾಕಿ ಹಾರುತ್ತಾರೆ.

ಈಗ ಆ ದಿನದ ವಿಷಯ ಹೇಳುತ್ತೇನೆ.

ಹುಡುಗಿಗೆ 14 ವರ್ಷ. ಹೆಸರು ಬೇಡ. 1500 ಮೀಟರ್ ಓಡುತ್ತಾಳೆ, ಅಂದರೆ ನಮ್ಮ ಟ್ರ್ಯಾಕಿನಲ್ಲಿ ಏಳೂವರೆ ಸುತ್ತು. ಹಿಂದಿನ ದಿನ ಮಳೆ ಬಂದಿತ್ತು. ಅವತ್ತು ಬಿಸಿಲು, ಗಾಳಿ ಇಲ್ಲ, ವಿಪರೀತ ಸೆಕೆ. ಬಿಸಿಲು ಇಳಿಯಲಿ ಅಂತ 4.30ರ ತನಕ ಕಾದೆ. ಇನ್ನೂ ತಡ ಮಾಡಬೇಕಿತ್ತು ಅಂತ ಈಗಲೂ ಮನಸ್ಸು ಚುಚ್ಚುತ್ತದೆ. ಆದರೆ 5.30ಕ್ಕೆ ಗೇಟಿಗೆ ಬೀಗ ಬೀಳುತ್ತದೆ.

ಐದನೇ ಸುತ್ತಿನಲ್ಲಿ ಅವಳು ಲೇನ್ ಬಿಟ್ಟು ಪಕ್ಕಕ್ಕೆ ಹೋದಳು. ಕಾಲು ಎಡವಿತೇನೋ ಅಂದುಕೊಂಡೆ. ಹತ್ತಿರ ಹೋಗಿ ಮಾತಾಡಿಸಿದರೆ "ಮಿಸ್, ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದಳು. ಜೀವ ಬಾಯಿಗೆ ಬಂತು. ಕುತ್ತಿಗೆ ಮುಟ್ಟಿದರೆ ಸುಡುತ್ತಿತ್ತು, ಮೈಯೆಲ್ಲ ಬೆವರು. ಮುಂದಿನ ಕ್ಷಣಕ್ಕೆ ನನ್ನ ಕೈಯ ಮೇಲೆ ಕುಸಿದಳು.

ಹೀಟ್ ಸ್ಟ್ರೋಕ್ ಏನು ಅಂತ ನಾನು ಸ್ವಂತ ದುಡ್ಡು ಕೊಟ್ಟು ಒಂದು ತರಬೇತಿಯಲ್ಲಿ ಕಲಿತಿದ್ದೆ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ, ಜೊತೆಗೆ ಮಾತು, ನೆನಪು ಹದ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಬೆವರು ಬರುತ್ತಿದೆ, ಹಾಗಾಗಿ ಭಯ ಇಲ್ಲ ಅಂದುಕೊಳ್ಳುವ ಹಾಗಿಲ್ಲ. ಓಡಿ ಓಡಿ ಬರುವ ಹೀಟ್ ಸ್ಟ್ರೋಕಿನಲ್ಲಿ ಬೆವರು ಇದ್ದೇ ಇರಬಹುದು. ಮೊದಲು ತಂಪು ಮಾಡಬೇಕು, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಮೊದಲ ಅರ್ಧ ಗಂಟೆಯಲ್ಲಿ ಬಿಸಿ ಇಳಿದರೆ ಮಗು ಉಳಿಯುತ್ತದೆ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ನಮ್ಮಲ್ಲಿ ತೊಟ್ಟಿ ಎಲ್ಲಿಂದ ಬರಬೇಕು? ಗಿಡಕ್ಕೆ ನೀರು ಬಿಡುವ ನಲ್ಲಿಯ ಕೆಳಗೆ ಅವಳನ್ನು ಮಲಗಿಸಿದೆ. ರಿಲೇ ಹುಡುಗಿಯರು ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ತಂದರು. ತಮ್ಮ ದುಪಟ್ಟಾಗಳನ್ನೇ ನೆನೆಸಿ ಅವಳ ಕುತ್ತಿಗೆ, ಕಂಕುಳು, ತೊಡೆಗೆ ಹಾಕಿ, ಬಿಸಿಯಾದ ಕೂಡಲೇ ಬದಲಾಯಿಸಿದರು. ಒಬ್ಬಳು ರಟ್ಟಿನ ತುಂಡು ಹಿಡಿದು ಗಾಳಿ ಬೀಸುತ್ತಲೇ ಇದ್ದಳು. ಅವಳ ಕೈ ನಡುಗುತ್ತಿತ್ತು, ನಿಲ್ಲಿಸಲಿಲ್ಲ. ಆಂಬುಲೆನ್ಸ್ ಬರುವ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ತನ್ನ ಹೆಸರು ಸರಿಯಾಗಿ ಹೇಳಿದಳು. ತಂಪು ಮಾಡದೆ ಹಾಗೇ ಎತ್ತಿಕೊಂಡು ಬಂದಿದ್ದರೆ ಕಷ್ಟ ಇತ್ತು ಅಂತ ಡಾಕ್ಟರ್ ಅವಳ ಅಮ್ಮನಿಗೆ ಹೇಳಿದರು.

ಆಮೇಲೆ ತಿಳಿದ ಸಂಗತಿ ಇನ್ನೊಂದು. ಹಿಂದಿನ ಎರಡು ದಿನ ಅವಳಿಗೆ ಜ್ವರ ಇತ್ತು. ತರಗತಿಯ ಟೀಚರಿಗೆ ಗೊತ್ತಿತ್ತು. ಜ್ವರದಿಂದ ಆಗಷ್ಟೇ ಎದ್ದ ಮಗುವಿಗೆ ಬಿಸಿಲಿನ ಓಟ ಎರಡು ಪಟ್ಟು ಅಪಾಯ. ನನಗೆ ಗೊತ್ತಿದ್ದರೆ ಅವಳನ್ನು ನೆರಳಲ್ಲಿ ಕೂರಿಸಿ ಸ್ಟಾಪ್‌ವಾಚ್ ಕೈಗೆ ಕೊಡುತ್ತಿದ್ದೆ. ಗೊತ್ತಾಗಲಿಲ್ಲ. ಯಾಕೆಂದರೆ ಬೆಳಗಿನ ಹಾಜರಿ ಹೊತ್ತಿಗೆ ನಾನು ಶಾಲೆಯಲ್ಲಿ ಇರುವುದಿಲ್ಲ. ಟೀಚರುಗಳ ಸಭೆಗೆ ನನ್ನನ್ನು ಕರೆಯುವುದಿಲ್ಲ, ಅರೆಕಾಲಿಕದವರು ಅಂತ. ಮಕ್ಕಳ ಆರೋಗ್ಯದ ರಿಜಿಸ್ಟರ್ ನನಗೆ ತೋರಿಸುವ ಹಾಗಿಲ್ಲ, ಅದಕ್ಕೂ ಇದೇ ಕಾರಣ. ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ನನಗೆ ಹೇಳುವುದಾದರೂ ಯಾವಾಗ? ಅವರು ಊಟ ಮುಗಿಸಿ ತರಗತಿಗೆ ಹೋಗುವಾಗ ನಾನು ಗೇಟಿನೊಳಗೆ ಬರುತ್ತಿರುತ್ತೇನೆ.

ನಾಲ್ಕನೇ ದಿನ ನೋಟಿಸು ಬಂತು. ಹುಡುಗಿ ಹೇಗಿದ್ದಾಳೆ ಅಂತ ಒಂದು ಮಾತಿಲ್ಲ. ಮೂರು ಸಾಲು ಇತ್ತು. ನಿಮ್ಮ ಕೆಲಸದ ಅವಧಿ 3.30ಕ್ಕೆ ಮುಗಿದಿದ್ದರೂ 4.50ಕ್ಕೆ ಮೈದಾನದಲ್ಲಿ ಏಕೆ ಇದ್ದಿರಿ, ಯಾರ ಅನುಮತಿ ಪಡೆದು ಅಭ್ಯಾಸ ಮಾಡಿಸಿದಿರಿ, ಏಳು ದಿನದೊಳಗೆ ಲಿಖಿತ ವಿವರಣೆ ಕೊಡಿ.

ಸಚಿವರೇ, ಅದನ್ನು ಓದಿ ನನ್ನ ಹೊಟ್ಟೆ ಉರಿಯಿತು. ಶಾಲೆ ಎಲ್ಲ ಓಟ, ಎಲ್ಲ ಜಿಗಿತ, ಎಲ್ಲ ಎಸೆತಕ್ಕೂ ಮಕ್ಕಳನ್ನು ಕಳಿಸಲೇಬೇಕು ಅಂತ ಸುತ್ತೋಲೆ ಕಳಿಸಿದ್ದು ಇದೇ ಕಚೇರಿ. ಪದಕ ಬಂದರೆ ಸಂಖ್ಯೆ ಬರೆದು ಕಳಿಸಿ ಅಂತ ಪ್ರತಿ ವರ್ಷ ಕೇಳುವುದೂ ಇದೇ ಕಚೇರಿ. ಆ ಪದಕಗಳು ಎಷ್ಟು ಗಂಟೆಗೆ ಬಂದವು ಅಂತ ಒಂದು ಸಲವಾದರೂ ಕೇಳಿದ್ದೀರಾ? 11 ವರ್ಷದ ಒಂದೊಂದು ಪದಕವೂ 3.30ರ ಮೇಲೇ ಬಂದದ್ದು. ಆಗ ಬೇಡವಾಗಿದ್ದ ಗಡಿಯಾರ ಮಗು ಬಿದ್ದ ದಿನ ನಿಮ್ಮವರಿಗೆ ನೆನಪಾಯಿತು. ಗಂಟೆ ಹೊಡೆದ ಮೇಲೆ ನಾನು ಅಲ್ಲಿ ಇರಬಾರದು ಅನ್ನುವುದಾದರೆ ಮಕ್ಕಳನ್ನು ಕೂಟಕ್ಕೆ ಕಳಿಸಿ ಅಂತ ಬರೆಯಬೇಡಿ. ಕಳಿಸಿ ಅನ್ನುವುದಾದರೆ ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಿರಿ.

ಕಳೆದ ವರ್ಷ ಪೂರ್ತಿ ಒಂದು ನೋಟ್‌ಬುಕ್ಕಿನಲ್ಲಿ ನನ್ನ ಹೊತ್ತು ಬರೆದಿಟ್ಟೆ. ಮಾಮೂಲಿ ವಾರದಲ್ಲಿ 18ರಿಂದ 19 ಗಂಟೆ. ಕೂಟ ಇರುವ ವಾರ 30 ದಾಟುತ್ತದೆ. ಗೌರವಧನ 10 ಗಂಟೆಗೆ. ಬೆಳಿಗ್ಗೆ ನಾನು ಇನ್ನೊಂದು ಕಡೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ, ಇಲ್ಲದಿದ್ದರೆ ಮನೆ ನಡೆಯುವುದಿಲ್ಲ. ಅಲ್ಲಿಂದ ಒಂದೇ ಓಟದಲ್ಲಿ ಶಾಲೆಗೆ ಬರುತ್ತೇನೆ. ಎಷ್ಟೋ ದಿನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ವಾಪಸ್ ಹೋಗಿದೆ. ಕೂಟದ ದಿನ ಬೆಳಗಿನ ಕೆಲಸಕ್ಕೆ ರಜೆ ಹಾಕಿದರೆ ಅಲ್ಲಿ ಸಂಬಳ ಕಡಿತ. ನನ್ನ ಮಗ ಓದುವುದು ಬೇರೆ ಶಾಲೆಯಲ್ಲಿ. ಹೋದ ವರ್ಷ ಅವನ ಶಾಲೆಯ ಆಟೋಟದ ದಿನ ಅವನು ಮೊದಲ ಸಲ ಓಡಿದ. ನಾನು ಹೋಗಲಿಲ್ಲ, ಇನ್ನೊಂದು ಮೈದಾನದಲ್ಲಿ ಬೇರೆಯವರ ಮಕ್ಕಳಿಗೆ ನಂಬರ್ ಪಿನ್ ಮಾಡುತ್ತಿದ್ದೆ. ರಾತ್ರಿ ಅವನು ಏನೂ ಕೇಳಲಿಲ್ಲ. ಶೂ ತಂದು ನನ್ನ ಮುಂದೆ ಇಟ್ಟು "ಅಮ್ಮಾ, ಇದರ ಅಡಿ ಬಿಟ್ಟಿದೆ" ಅಂದ. ನಾನು ಕೂತು ಅಂಟು ಹಾಕಿದೆ. ಅಳು ಬಂದದ್ದನ್ನು ಅವನಿಗೆ ತೋರಿಸಲಿಲ್ಲ.

ಪ್ರತಿ ವರ್ಷ ಶಾಲೆ ಮುಗಿಯುವ ದಿನ ನನ್ನ ಕೆಲಸವೂ ಮುಗಿಯುತ್ತದೆ. ಹೊಸ ಆದೇಶ ಕೈಗೆ ಬರುವಾಗ ಕೂಟಕ್ಕೆ ಕೆಲವೇ ವಾರ ಉಳಿದಿರುತ್ತದೆ. ತಿಂಗಳುಗಟ್ಟಲೆ ಸುಮ್ನೆ ಕೂತಿದ್ದ ಮಕ್ಕಳನ್ನು ಒಮ್ಮೆಗೇ ಓಡಿಸಿದರೆ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ, ಮೀನಖಂಡ ಹಿಡಿಯುತ್ತದೆ. ಬೆಳೆಯುವ ವಯಸ್ಸಿನ ಮೈಗೆ ಅಭ್ಯಾಸ ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಏರಬೇಕು.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದೈಹಿಕ ಶಿಕ್ಷಣ ಪ್ರತಿಯೊಬ್ಬರ ಹಕ್ಕು ಅಂತ ಯುನೆಸ್ಕೊ ಸನ್ನದು ಮಾಡಿದ್ದು 1978ರಲ್ಲಿ, 2015ರಲ್ಲಿ ಅದನ್ನು ಪರಿಷ್ಕರಿಸಿದ್ದೂ ಆಯಿತು. ಭಾಷಣಗಳಲ್ಲಿ ನೀವೂ ಇದನ್ನೇ ಹೇಳುತ್ತೀರಿ. ನಾನು ಖುಷಿಯಿಂದ ಚಪ್ಪಾಳೆ ತಟ್ಟಿದ್ದೇನೆ. ಆದರೆ ಆ 60 ನಿಮಿಷ ನೋಡಿಕೊಳ್ಳುವವರಿಗೆ ಹೊತ್ತು ಕೊಡದಿದ್ದರೆ ಅದೆಲ್ಲ ಕಾಟಾಚಾರ ಆಗುತ್ತದೆ ಅಲ್ವಾ?

ಪೂರ್ಣಾವಧಿ ಹುದ್ದೆ ಮಾಡಿದರೆ ಎಲ್ಲಕ್ಕಿಂತ ಒಳ್ಳೆಯದು. ಅದು ತಕ್ಷಣ ಆಗುವುದಿಲ್ಲ ಅಂತ ಹೇಳುತ್ತೀರಿ ಅಂತಲೂ ಗೊತ್ತು. ಹಾಗಿದ್ದರೆ ಆದೇಶದಲ್ಲಿ ಒಂದು ಸಾಲು ಸೇರಿಸಿ. ಶಾಲೆ ಬಿಟ್ಟ ಮೇಲಿನ ಅಭ್ಯಾಸ, ಮೈದಾನ ಸಿದ್ಧ ಮಾಡುವುದು, ಕೂಟದ ದಿನ, ಈ ಮೂರೂ ಕೆಲಸದ ಹೊತ್ತು ಅಂತ. ಮಕ್ಕಳ ಆರೋಗ್ಯದ ರಿಜಿಸ್ಟರ್ ನಮ್ಮ ಕೈಗೂ ಕೊಡಿ. ನನ್ನೊಬ್ಬಳಿಗೆ ಕೇಳುತ್ತಿಲ್ಲ. ಪ್ರತಿ ಕೂಟದಲ್ಲಿ ನನ್ನ ಹಾಗೆ ಗಂಟೆ ನೋಡದೆ ದುಡಿಯುವವರು ಎಷ್ಟೋ ಜನ ಸಿಗುತ್ತಾರೆ. ಗಂಟೆ ಹೊಡೆದ ಮೇಲಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಿರಿ. ಮೂರು ಸಲ ಹೇಳಿದೆ, ನೂರು ಸಲ ಬೇಕಾದರೂ ಹೇಳುತ್ತೇನೆ.

ನೋಟಿಸಿಗೆ ನನ್ನ ವಿವರಣೆ ಇದು. 4.50ಕ್ಕೆ ಮೈದಾನದಲ್ಲಿ ಐದು ಮಕ್ಕಳು ಇದ್ದರು, ಅದಕ್ಕೇ ನಾನೂ ಇದ್ದೆ. ಅನುಮತಿ ಯಾರೂ ಕೊಟ್ಟಿರಲಿಲ್ಲ. ಇದನ್ನೇ ಕಚೇರಿಗೂ ಬರೆದು ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬಂದಿದ್ದೇನೆ.

ಆ ಹುಡುಗಿ ಈಗ ಚೆನ್ನಾಗಿದ್ದಾಳೆ. ಡಾಕ್ಟರ್ ಹೇಳುವ ತನಕ ಓಡುವ ಹಾಗಿಲ್ಲ, ಹಾಗಾಗಿ ನನ್ನ ಪಕ್ಕ ಕೂತು ಸಮಯ ಬರೆದುಕೊಳ್ಳುತ್ತಾಳೆ. ಸೋಮವಾರ 3.30ಕ್ಕೆ ಗಂಟೆ ಹೊಡೆದ ಕೂಡಲೇ ರಿಲೇ ಹುಡುಗಿಯರು ಬ್ಯಾಟನ್ ಹಿಡಿದು ಬರುತ್ತಾರೆ. ನಾನು ಅಲ್ಲಿ ಇರಬೇಕೋ ಬೇಡವೋ, ದಯವಿಟ್ಟು ಅಷ್ಟರೊಳಗೆ ಬರೆದು ತಿಳಿಸಿ.

ಇತಿ,
ಒಬ್ಬ ಅರೆಕಾಲಿಕ ಅಥ್ಲೆಟಿಕ್ಸ್ ಉಸ್ತುವಾರಿ