ಪಿಚ್ ಕ್ಲಾಕ್ ಜಗಳ ಮತ್ತು ಸ್ಕೋರ್ ಹಾಕುವ ಬಗ್ಗೆ

ಗೆಳೆಯರೇ, ಪಿಚ್ ಕ್ಲಾಕ್ (ಚೆಂಡು ಎಸೆಯುವ ಪಿಚರ್ ಇಷ್ಟು ಸೆಕೆಂಡಿನೊಳಗೆ ಎಸೆಯಲು ಶುರು ಮಾಡಬೇಕು ಅನ್ನುವ ಗಡಿಯಾರ) ಬಂದು ಬೇಸ್‌ಬಾಲ್ ಕೆಟ್ಟುಹೋಯಿತು ಅನ್ನುವ ವಾದ ಗುಂಪಿನಲ್ಲಿ ಜಾಸ್ತಿ ಆಗಿದೆ. ನನಗಂತೂ ಹಾಗೆ ಅನಿಸುವುದಿಲ್ಲ. ಬಾಸ್ಕೆಟ್‌ಬಾಲ್ ಕಥೆ ನೋಡಿ: 1950ರಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತ್ತು. ಚೆಂಡು ಹಿಡಿದುಕೊಂಡು ಸುಮ್ನೆ ಹೊತ್ತು ಕಳೆದೇ ಗೆದ್ದರು! ಅದಕ್ಕೇ 1954ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ 24 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕು) ತಂದಿತು. ಈಗ ಅದಿಲ್ಲದ ಆಟ ಯಾರಿಗೆ ಬೇಕು, ಅಲ್ವಾ? ಅಮೆರಿಕದ ಬೇಸ್‌ಬಾಲ್ ಲೀಗ್ ಎಂಎಲ್‌ಬಿ 2023ರಲ್ಲಿ ಮಾಡಿದ್ದೂ ಅದೇ. ಬೇಸ್ ಖಾಲಿ ಇದ್ದರೆ (ಅಂದರೆ ಅಲ್ಲಿ ಓಟಗಾರರು ಯಾರೂ ಇಲ್ಲದಿದ್ದರೆ) ಪಿಚರ್‌ಗೆ 15 ಸೆಕೆಂಡು, ಅಷ್ಟೇ. ಬ್ಯಾಟರ್ ಮತ್ತೆ ಮತ್ತೆ ಗ್ಲೌಸ್ ಬಿಚ್ಚಿ ಬಿಗಿಯುವುದನ್ನು ನೋಡುವ ಶಿಕ್ಷೆ ತಪ್ಪಿತು. ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಮಾತ್ರ ನಿಧಾನವೇ ಚೆಂದ, ಒಪ್ಪುತ್ತೇನೆ.

ವಾದ ನಡೆಯಲಿ. ಆದರೆ ಪಂದ್ಯ ತಡವಾಗಿ ನೋಡುವವರೂ ಇದ್ದಾರೆ. ಸ್ಕೋರ್ ಹಾಕುವಾಗ ಮೊದಲ ಸಾಲಿನಲ್ಲೇ ‘ಫಲಿತಾಂಶ ಇದೆ’ ಅಂತ ಬರೆಯಿರಿ.