ಶೀಟಿನ ಇನ್ನೊಂದು ತುದಿ

ಪ್ರೀತಿಯ ಸುಬ್ಬು,

ವಾಟ್ಸಾಪಲ್ಲಿ ಏನು ಕೇಳಿದರೂ ಒಂದೇ ಸಾಲಿನ ಉತ್ತರ ಕೊಡುತ್ತೇನೆ ಅಂತ ಬೈದೆಯಲ್ಲ, ಅದಕ್ಕೆ ಇವತ್ತು ಉದ್ದ ಬರೆಯುತ್ತಿದ್ದೇನೆ. ಎಲ್ಲರ ಮುಂದೆಯೇ ಹಾಕುತ್ತೇನೆ. ನಮ್ಮ ಬ್ಯಾಚಿನವರೂ ಓದಲಿ. ನಾಯಕರ ಗಾಡಿಯ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಹೌದು ಮಾರಾಯ, ಬಿ.ಎಸ್ಸಿ. ನರ್ಸಿಂಗೇ. ಸೀಟಿಗೆ ಕೋರ್ಸು, ಕಾಲೇಜು ಆರಿಸುವ ಆಪ್ಷನ್ ಎಂಟ್ರಿಯಲ್ಲಿ ಬೇರೆ ಯಾವ ಕೋರ್ಸನ್ನೂ ಹಾಕಲಿಲ್ಲ. ನಾಲ್ಕು ವರ್ಷ, ಎಂಟು ಸೆಮಿಸ್ಟರ್. "ಗಂಡು ಹುಡುಗ ನರ್ಸಿಂಗಾ?" ಅಂತ ದೊಡ್ಡಪ್ಪ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಕೊಟ್ಟೆ. ರಕ್ತ ನೋಡಿದರೆ ತಲೆ ತಿರುಗುವುದಿಲ್ಲವಾ ಅಂತ ನೀನು ಕೇಳಿದೆ. ಇಲ್ಲ. ನನಗೆ ಭಯ ಇರುವುದು ಬೇರೆ ಕಡೆ. ಮಧ್ಯಾಹ್ನ ಯಾರ ಜೊತೆ ಕೂತು ಊಟ ಮಾಡುತ್ತೇನೆ ಅನ್ನುವುದರ ಬಗ್ಗೆ. ಸಣ್ಣ ವಿಷಯ ಅನಿಸುತ್ತೆ, ಅಲ್ವಾ? ಪೂರ್ತಿ ಓದು.

ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಹನ್ನೊಂದು ದಿನ ನಾನೇ ಆಸ್ಪತ್ರೆಯಲ್ಲಿ ಇದ್ದೆ. ಆಸ್ಪತ್ರೆಯ ಹೆಸರು ಬೇಡ. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತವನಿಗೆ ಇಡೀ ವಾರ್ಡ್ ಕಾಣುತ್ತೆ. ಆ ವಾರ್ಡಿಗೆ ಹೊಸದಾಗಿ ಸೇರಿದ ಒಬ್ಬ ಸಿಸ್ಟರ್ ಇದ್ದರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬಹುದು. ಅವರ ಜೊತೆ ಉಳಿದವರು ಮಾತಾಡುತ್ತಿರಲಿಲ್ಲ. ಜಗಳ ಆಡಿದ್ದನ್ನು ನಾನು ನೋಡಲಿಲ್ಲ, ಬೈದಿದ್ದನ್ನೂ ಕೇಳಲಿಲ್ಲ. ಸುಮ್ನೆ ಇರುತ್ತಿದ್ದರು, ಅಷ್ಟೇ. ಮಧ್ಯಾಹ್ನ ನರ್ಸಿಂಗ್ ಸ್ಟೇಷನ್ ಹಿಂದಿನ ಕೋಣೆಯಲ್ಲಿ ನಾಲ್ಕು ಡಬ್ಬಿಗಳು ಒಟ್ಟಿಗೆ ತೆರೆಯುತ್ತಿದ್ದವು. ಇವರು ಮಾತ್ರ ಇಂಜೆಕ್ಷನ್ ರೂಮಿನಲ್ಲಿ, ಟ್ರೇಗಳ ಪಕ್ಕ ನಿಂತು, ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ಊಟ ಮುಗಿಸುತ್ತಿದ್ದರು.

ಇದು ಅವರವರ ವಿಷಯ, ನನಗ್ಯಾಕೆ ಅಂದುಕೊಂಡಿದ್ದೆ. ನಾಲ್ಕನೇ ದಿನ ಅದು ನಮ್ಮ ಅಜ್ಜಿಯ ವಿಷಯ ಆಯಿತು.

ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ರಾತ್ರಿಯವರು ಬೆಳಗಿನವರಿಗೆ ಒಂದೊಂದೇ ಬೆಡ್ ವಿಷಯ ಹೇಳಿ ಹೋಗುತ್ತಾರೆ. ಅದನ್ನು ಹ್ಯಾಂಡೋವರ್ ಅನ್ನುತ್ತಾರೆ. ಮರುದಿನಕ್ಕೆ ಇದ್ದ ಅಜ್ಜಿಯ ಆಪರೇಷನ್ ಅದೇ ದಿನಕ್ಕೆ ಬಂದಿತ್ತು. ಹೊಟ್ಟೆ ಖಾಲಿ ಇರಬೇಕಿತ್ತು. ರಾತ್ರಿಯವರು ಅದನ್ನು ಇನ್‌ಚಾರ್ಜ್ ಸಿಸ್ಟರ್ ಒಬ್ಬರಿಗೇ ಹೇಳಿ ಹೋಗಿದ್ದರು. ಫೈಲಿನಲ್ಲಿ ಇನ್ನೂ ಬರೆದಿರಲಿಲ್ಲ. ನಾನು ತಿಂಡಿ ತಂದಾಗ ಈ ಹೊಸ ಸಿಸ್ಟರ್ ಸ್ಟೇಷನ್ನಿಗೆ ಹೋಗಿ "ಆರನೇ ಬೆಡ್‌ನವರಿಗೆ ತಿಂಡಿ ಕೊಡಬಹುದಾ?" ಅಂತ ಕೇಳಿದರು. "ಫೈಲ್ ನೋಡಿ" ಅಂದರು, ತಲೆ ಎತ್ತಲೇ ಇಲ್ಲ. ಅವರು ಫೈಲ್ ನೋಡಿದರು, ಬಂದು ಕೊಡಿ ಅಂದರು. ಅಜ್ಜಿ ಎರಡು ಇಡ್ಲಿ ತಿಂದಳು. ಆಪರೇಷನ್ ಮುಂದೆ ಹೋಯಿತು. ಮುರಿದ ಮೂಳೆಯ ನೋವಿನಲ್ಲಿ ಅವಳು ಇನ್ನೊಂದು ದಿನ, ಇನ್ನೊಂದು ರಾತ್ರಿ ಕಳೆದಳು. ಬೈಗುಳ ಮಾತ್ರ ಆ ಹೊಸಬರಿಗೇ ಬಿತ್ತು. ಅವರು ಒಂದು ಮಾತೂ ಎದುರಾಡಲಿಲ್ಲ.

ಆಪರೇಷನ್ ಆದ ಮೇಲೆ ಇನ್ನೊಂದು. ಅಲುಗಾಡಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತೆ. ಅದು ಒಬ್ಬರಿಂದ ಆಗುವ ಕೆಲಸ ಅಲ್ಲ. ಅಜ್ಜಿಯ ಕಾಲುಗಳ ನಡುವೆ ದಿಂಬು ಇಟ್ಟು, ಕೆಳಗಿನ ಶೀಟನ್ನು ಎರಡೂ ಕಡೆಯಿಂದ ಹಿಡಿದು, ಒಟ್ಟಿಗೆ ಎಳೆಯಬೇಕು. "ಸಿಸ್ಟರ್, ಸ್ವಲ್ಪ ಬರ್ತೀರಾ?" ಅಂತ ಅವರು ಎರಡು ಸಲ ಕರೆದರು. ಯಾರೂ ಬರಲಿಲ್ಲ. ನನ್ನ ಕಡೆ ನೋಡಿದರು. ನಾನು ಎದ್ದು ಶೀಟಿನ ಇನ್ನೊಂದು ತುದಿಯನ್ನು ಸುತ್ತಿ ಹಿಡಿದೆ. "ಮೂರು ಅಂದಾಗ" ಅಂದರು. ಒಂದು, ಎರಡು, ಮೂರು. ಅಜ್ಜಿ ಒಂದೇ ಒಂದು ಸಲ "ಅಯ್ಯೋ" ಅಂದಳು, ಆಮೇಲೆ ಉಸಿರು ಬಿಟ್ಟಳು. "ನಿಮಗೆ ಕೈ ಚೆನ್ನಾಗಿದೆ" ಅಂದರು ಆ ಸಿಸ್ಟರ್. ನಾನು ನರ್ಸಿಂಗ್ ಅಂತ ನಿರ್ಧಾರ ಮಾಡಿದ್ದು ಅವತ್ತೇ ಸುಬ್ಬು. ಮನೆಯಲ್ಲಿ ಕೆಲಸ, ಸಂಬಳ ಅಂತ ಏನೇನೋ ಕಾರಣ ಹೇಳಿದ್ದೇನೆ. ನಿಜವಾದ ಕಾರಣ ಇದು.

ನನ್ನ ಜಾಗ ಹೇಗಿರುತ್ತೆ ಅಂತಲೂ ಅಲ್ಲೇ ಕಂಡೆ. ಆ ಮಹಡಿಗೆಲ್ಲ ಒಬ್ಬರೇ ಗಂಡು ನರ್ಸ್ ಇದ್ದರು. ಯಾರನ್ನಾದರೂ ಎತ್ತಬೇಕಾದರೆ "ಬ್ರದರ್", ಕುಡಿದು ಗಲಾಟೆ ಮಾಡುವವನು ಬಂದರೆ "ಬ್ರದರ್". ಡಬ್ಬಿ ತೆರೆಯುವಾಗ ಬ್ರದರ್ ಅಂತ ಕರೆದದ್ದು ನನ್ನ ಕಿವಿಗೆ ಬೀಳಲಿಲ್ಲ. ಇನ್ನು ದೊಡ್ಡ ಊರಿನ ಕಾಲೇಜು ಸಿಕ್ಕಿದರೆ ಕೇರಳದವರು ಜಾಸ್ತಿ ಇರುತ್ತಾರೆ, ಅವರು ಅವರ ಭಾಷೆಯಲ್ಲಿ ನಗುವಾಗ ನಮ್ಮ ಬಗ್ಗೆಯೇ ಅನಿಸುತ್ತೆ ಅಂತ ಒಬ್ಬ ಸೀನಿಯರ್ ಹೇಳಿದ. ಅದನ್ನು ನಾನು ಒಪ್ಪಲಿಲ್ಲ. ಮನೆ ಬಿಟ್ಟು ಅಷ್ಟು ದೂರ ಬಂದವರು ತಮ್ಮ ಭಾಷೆಯಲ್ಲಿ ನಗಬಾರದಾ? ನಾನೇ ನಾಲ್ಕು ಮಾತು ಮಲಯಾಳ ಕಲಿಯುತ್ತೇನೆ.

ನಮ್ಮ ಅಜ್ಜಿಯ ತವರು ಹಳದೀಪುರ ಅಂತ ನಿನಗೆ ಗೊತ್ತಲ್ಲ. ಅರುಣಾ ಶಾನಭಾಗರ ಊರೂ ಅದೇ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವನೇ ಅವರ ಮೇಲೆ ದಾಳಿ ಮಾಡಿದ. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಏಳಲಿಲ್ಲ. ಆ ಸುಮಾರು 42 ವರ್ಷ ಅವರನ್ನು ನೋಡಿಕೊಂಡವರು ಅಲ್ಲಿಯ ನರ್ಸುಗಳು. ಅರುಣಾ ಅವರ ಜೊತೆ ಡ್ಯೂಟಿ ಮಾಡಿದವರೆಲ್ಲ ನಿವೃತ್ತರಾಗಿ ಹೋದರು. ಆಮೇಲೆ ಬಂದವರು ಅವರ ಒಂದು ಮಾತೂ ಕೇಳಿರದ ಹುಡುಗಿಯರು. ಅವರೂ ಬಿಡಲಿಲ್ಲ, ಊಟ ಮಾಡಿಸಿದರು, ಮಗ್ಗುಲು ಬದಲಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್, ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವ ಆಪ್ತರು ಯಾರು ಅಂತ ನೋಡುವಾಗ, ಕೆಇಎಂ ಸಿಬ್ಬಂದಿಯೇ ಅಂದಿತು. ಚಿಕ್ಕವನಿದ್ದಾಗ ಅಜ್ಜಿ ಈ ಕಥೆ ಹೇಳಿದರೆ ನನಗೆ ಆ ಕೆಟ್ಟವನ ಮೇಲೆ ಸಿಟ್ಟು ಬರುತ್ತಿತ್ತು. ಈಗ ಶೀಟಿನ ಎರಡೂ ತುದಿ ಹಿಡಿದವರು ಕಣ್ಣ ಮುಂದೆ ಬರುತ್ತಾರೆ. ಅಷ್ಟು ವರ್ಷದಲ್ಲಿ ಅವರ ನಡುವೆಯೂ ಮುನಿಸು ಇದ್ದೇ ಇರಬೇಕು. ಆದರೂ ಕರೆದಾಗ ಬಂದರು.

ನಾನು ಬರುತ್ತೇನಾ ಸುಬ್ಬು? ಅದೇ ನನ್ನ ಭಯ. ನನ್ನನ್ನು ಯಾರೋ ದೂರ ಇಡುತ್ತಾರೆ ಅನ್ನುವುದಕ್ಕಿಂತ ಇದು ಜಾಸ್ತಿ.

ಪಿಯುಸಿ ಹಾಸ್ಟೆಲ್ ನೆನಪಿದೆಯಾ? ನೀನು ಮನೆಯಿಂದ ಬರುತ್ತಿದ್ದೆ, ನಿನಗೆ ಅರ್ಧವೇ ಗೊತ್ತು. ಆ ಘಟ್ಟದ ಮೇಲಿನ ಹುಡುಗ. ಫೋನ್ ವಿಷಯವನ್ನು ವಾರ್ಡನ್‌ಗೆ ಹೇಳಿದ್ದು ಅವನೇ ಅಂತ ಯಾರೋ ಅಂದರು, ಎಲ್ಲರೂ ಮಾತು ಬಿಟ್ಟರು. ನನಗೆ ಅವನ ಮೇಲೆ ಸಿಟ್ಟೇ ಇರಲಿಲ್ಲ. ಆದರೂ ಅವನು ತಟ್ಟೆ ಹಿಡಿದು ಪಕ್ಕದಲ್ಲಿ ಕೂತರೆ ನಾನು ಎದ್ದು ಹೋಗುತ್ತಿದ್ದೆ. ಒಂದು ರಾತ್ರಿ ಅವನಿಗೆ ಜ್ವರ ಬಂತು. ಮಂಚ ನನ್ನ ಪಕ್ಕದ್ದೇ. "ನೀರು ಕೊಡ್ತೀಯಾ?" ಅಂತ ಮೆಲ್ಲಗೆ ಕೇಳಿದ. ನನಗೆ ಎಚ್ಚರ ಇತ್ತು. ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಗೋಡೆ ಹಿಡಿದುಕೊಂಡು ಫಿಲ್ಟರ್ ಕಡೆ ಹೋದ. ಆ ಚಪ್ಪಲಿಯ ಸದ್ದು ಈಗಲೂ ಕೇಳುತ್ತೆ. ಆ ವಾರ್ಡಿನ ನಾಲ್ಕು ಡಬ್ಬಿಯವರ ಮೇಲೆ ನಾನು ಪೂರ್ತಿ ಸಿಟ್ಟು ಮಾಡಿಕೊಳ್ಳಲು ಆಗದೆ ಇದ್ದದ್ದು ಇದಕ್ಕೇ.

ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಇನ್ನು ಅಳಿಸುವುದಿಲ್ಲ. ಅವನ ನಂಬರ್ ನಿನ್ನ ಅಣ್ಣನ ಹತ್ತಿರ ಇರಬಹುದು, ಕೇಳಿ ನೋಡು. ಇಲ್ಲಿ ಹಾಕಬೇಡ, ನನಗೊಬ್ಬನಿಗೇ ಕಳಿಸು.

ಅಜ್ಜಿ ಈಗ ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ಬರುತ್ತಾಳೆ. ನಿನ್ನನ್ನು ಕೇಳುತ್ತಿರುತ್ತಾಳೆ. ಯೂನಿಫಾರ್ಮಿಗೆ ಬಿಳಿ ಶೂ ಬೇಕಂತೆ, ಭಾನುವಾರ ಕುಮಟೆಗೆ ಹೋಗೋಣ. ಬೆಲೆ ನಾನೇ ಕೇಳುತ್ತೇನೆ, ನೀನು ಬಾಯಿ ಬಿಡಬೇಡ. ಕೊಡೆ ಅಂಗಡಿಯವನು ಇನ್ನೂ ಮರೆತಿಲ್ಲ.

ನಿನ್ನ,
ಮೂರನೇ ಕಿಟಕಿ